ತೆಳ್ಳನೆ ಫೋನು, ದಪ್ಪನೆ ಸುಳ್ಳು

ಫೋನು ತೆಳ್ಳಗಿರೋದು ಒಂದು ದೊಡ್ಡ ಗುಣ ಅಂತ ನಮಗೆ ಯಾರು ಹೇಳಿಕೊಟ್ಟರು ಸ್ವಾಮಿ?

ಜೋಳದ ರೊಟ್ಟಿ ತೆಳ್ಳಗಿದ್ದರೆ ಬಡಿದ ಕೈಗೆ ಶಭಾಸ್ ಅನ್ನಬಹುದು. ಸೀರೆ ತೆಳ್ಳಗಿದ್ದರೆ ಬೇಸಿಗೆಗೆ ಹಿತ. ಆದರೆ ಹೊಲದ ಬದುವಿನ ಮೇಲೆ ಬಿಸಿಲಲ್ಲಿ ನಿಂತು ಬೆಳೆ ಫೋಟೊ ತೆಗೆಯೋ ಫೋನು, ಬೈಕಿನ ಹ್ಯಾಂಡಲ್ ಮೇಲೆ ಕುಣಿಯುತ್ತ ಹೋಗೋ ಫೋನು, ರಾತ್ರಿ ಕರೆಂಟ್ ಹೋದಾಗ ಮನೆಗೆಲ್ಲ ಬೆಳಕಾಗೋ ಫೋನು ತೆಳ್ಳಗಿದ್ದರೆ ಯಾರಿಗೆ ಲಾಭ? ನಮ್ಮ ಹರಪನಹಳ್ಳಿಯಲ್ಲಿ ಮೊಬೈಲ್ ಅಂಗಡಿಗೆ ಹೋಗಿ "ಇಪ್ಪತ್ತು ಸಾವಿರದೊಳಗೆ ಒಂದು ಚೊಲೋ ಫೋನ್ ತೋರಿಸಪ್ಪಾ" ಅಂತ ಕೇಳಿ ನೋಡಿ. ಹುಡುಗ ಮೊದಲು ಕೈಗೆ ಕೊಡೋದೇ ಸಪೂರದ್ದು. "ನೋಡ್ರಿ ಸರ, ಎಷ್ಟ್ ಸ್ಲಿಮ್ ಐತಿ! ಕೈಯಾಗ ಐತೋ ಇಲ್ಲೋ ಅನ್ನೋದ ಗೊತ್ತಾಗಂಗಿಲ್ಲ!" ಫೋನ್ ಕೊಂಡ್ಕೊಂಡು ಅದು ಕೈಯಲ್ಲಿ ಇಲ್ಲ ಅನ್ನಿಸಬೇಕು ಅನ್ನೋದಾದರೆ, ಕೊಳ್ಳದೇ ಇರೋದು ಇನ್ನೂ ಅಗ್ಗ ಅಲ್ವಾ? :)

ತಮಾಷೆ ಇರಲಿ. ನಾನು ಇಲ್ಲಿ ಜಗಳಕ್ಕೆ ನಿಂತಿರೋದು ಒಂದು ಕಂಪನಿ ಜೊತೆ ಅಲ್ಲ, ಒಂದು ಗೀಳಿನ ಜೊತೆ. ಹದಿನೈದರಿಂದ ಇಪ್ಪತ್ತೈದು ಸಾವಿರದ ಫೋನು ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನಿಗೆ ಎರಡನೇ ಫೋನು ಇರಬಹುದು. ನಮ್ಮ ಕಡೆ ಅದು ಇಡೀ ಮನೆಯ ಒಂದೇ ಕಂಪ್ಯೂಟರು, ಒಂದೇ ಕ್ಯಾಮೆರಾ, ಒಂದೇ ಬ್ಯಾಂಕು, ಬಹಳ ಮನೆಗಳಲ್ಲಿ ಒಂದೇ ಟೀವಿ ಕೂಡ. ಅದನ್ನ ಕೊಳ್ಳೋದು ಮೆಕ್ಕೆಜೋಳ ಮಾರಿದ ದುಡ್ಡಲ್ಲಿ, ಇಲ್ಲವೇ ತಿಂಗಳ ಕಂತಿನಲ್ಲಿ. ಮೂರು-ನಾಲ್ಕು ವರ್ಷ ಬಾಳಬೇಕು ಅನ್ನೋ ಲೆಕ್ಕದಲ್ಲಿ. ಅಂಥವರ ಕೈಗೆ ಆರು ಮಿಲಿಮೀಟರಿನ ಶೋಕಿ ಇಟ್ಟು "ಇದೇ ಪ್ರಗತಿ" ಅನ್ನೋದಿದೆಯಲ್ಲ, ಅದಕ್ಕೆ ನನ್ನ ತಕರಾರು.

ಈ ಗೀಳು ಹೊಸದೇನಲ್ಲ

ಹಳೆ ತಲೆಗಳಿಗೆ ನೆನಪಿರುತ್ತೆ. 2003ರಲ್ಲಿ ನೋಕಿಯಾ 1100 ಬಂತು. 20 ಮಿಲಿಮೀಟರ್ ದಪ್ಪ, 86 ಗ್ರಾಂ ತೂಕ. ತುದಿಯಲ್ಲಿ ಟಾರ್ಚು. ಧೂಳು ಹೋಗದ ಹಾಗೆ ಒಂದೇ ಹಾಳೆಯ ಕೀಪ್ಯಾಡು, ಜಾರದ ಹಾಗೆ ಒರಟು ಮೈ. ಧೂಳು, ಕತ್ತಲೆ, ಬೆವರು ಇರೋ ಊರುಗಳನ್ನ ಕಣ್ಮುಂದೆ ಇಟ್ಟುಕೊಂಡು ಮಾಡಿದ ಫೋನು ಅದು. ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯ್ತು. ಮರುವರ್ಷ, 2004ರಲ್ಲಿ, ಮೊಟೊರೊಲಾ ರೇಜರ್ ವಿ3 ಬಂತು. 13.9 ಮಿಲಿಮೀಟರ್! ಆಗ ಅದೇ ಬ್ಲೇಡಿನ ಥರ ಕಂಡಿತ್ತು. ಸಿನಿಮಾದವರ ಕೈಯಲ್ಲಿ ರೇಜರ್, ನಮ್ಮ ಕೈಯಲ್ಲಿ 1100. ಆದರೆ ಯಾರೂ 1100 ಕೊಳ್ಳಲು ಬಂದ ರೈತನಿಗೆ "ಇದು ದಪ್ಪ ಇದೆ, ರೇಜರ್ ಥರದ್ದು ತಗೊಳ್ಳಿ" ಅಂತ ಹೇಳುತ್ತಿರಲಿಲ್ಲ. ಆ ಮರ್ಯಾದೆ ಆಗ ಇತ್ತು.

2014ರಲ್ಲಿ ಮತ್ತೆ ಹುಚ್ಚು ಹತ್ತಿತು. ಜಿಯೋನಿ ಈಲೈಫ್ ಎಸ್5.5 ಅಂತ ಬಂತು, ಹೆಸರಲ್ಲೇ ದಪ್ಪದ ಲೆಕ್ಕ. ಒಪ್ಪೊ ಆರ್5 ಬಂತು, 4.85 ಮಿಲಿಮೀಟರು. ವಿವೋ ಎಕ್ಸ್5 ಮ್ಯಾಕ್ಸ್ 4.75ಕ್ಕೆ ಇಳಿಯಿತು. ಒಪ್ಪೊ ಆರ್5ನಲ್ಲಿ ಬ್ಯಾಟರಿ ಬರೀ 2000 ಎಂಎಎಚ್, ಇಯರ್‌ಫೋನ್ ಚುಚ್ಚೋ ತೂತೂ ಇಲ್ಲ. ಅಷ್ಟು ತೆಳ್ಳಗೆ ಮಾಡಿ ಏನಾಯ್ತು? ಏನೂ ಆಗಲಿಲ್ಲ. ಜನ ಬ್ಯಾಟರಿ ಕೇಳಿದರು, ಕಂಪನಿಗಳು ಸುಮ್ಮನೆ ಮತ್ತೆ ಎಂಟು ಮಿಲಿಮೀಟರಿಗೆ ಹಿಂದಿರುಗಿದವು. ಆ ಓಟದಲ್ಲಿ ಗೆದ್ದವರ ಹೆಸರೂ ಇವತ್ತು ಯಾರಿಗೂ ನೆನಪಿಲ್ಲ.

2025ರಲ್ಲಿ ಮೂರನೇ ಸಲ. ಮೇ ತಿಂಗಳಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್25 ಎಡ್ಜ್, 5.8 ಮಿಲಿಮೀಟರ್, 3900 ಎಂಎಎಚ್. ಸೆಪ್ಟೆಂಬರಿನಲ್ಲಿ ಐಫೋನ್ ಏರ್, 5.6 ಮಿಲಿಮೀಟರ್, ಭಾರತದಲ್ಲಿ 1,19,900 ರೂಪಾಯಿಂದ ಶುರು. ಲಕ್ಷ ಕೊಟ್ಟು ಕೊಳ್ಳೋರು ಏನು ಬೇಕಾದರೂ ಕೊಳ್ಳಲಿ, ಅದು ಅವರ ಖುಷಿ. ಮದುವೆಗೆ ಹಾಕೋ ರೇಷ್ಮೆ ಅಂಗಿ ಅದು. ಆದರೆ ರೇಷ್ಮೆ ಅಂಗಿ ಫ್ಯಾಶನ್ನು ಗೊಬ್ಬರ ಹೊರೋ ಅಂಗಿಗೂ ಇಳಿದರೆ? ಅದೇ ಆಗಿದೆ. ಅದೇ ಸೆಪ್ಟೆಂಬರಿನಲ್ಲಿ ಟೆಕ್ನೊ ಪೋವಾ ಸ್ಲಿಮ್ 5ಜಿ ಬಂತು. 5.95 ಮಿಲಿಮೀಟರ್, 156 ಗ್ರಾಂ, ಬಿಡುಗಡೆಯ ಬೆಲೆ 19,999 ರೂಪಾಯಿ. ನನ್ನ ವಾದಕ್ಕೆ ಇದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಕಾರಣ, ಇದು ಕೆಟ್ಟ ಫೋನ್ ಅಲ್ಲ. ಕೆಟ್ಟದ್ದನ್ನ ಬೈಯೋದು ಸುಲಭ. ಚೆನ್ನಾಗಿರೋದನ್ನೇ ತೂಗಿ ನೋಡೋಣ.

ಮೊದಲು ಒಳ್ಳೇದನ್ನ ಹೇಳಿಬಿಡ್ತೀನಿ

ನ್ಯಾಯ ಅಂದ್ರೆ ನ್ಯಾಯ. ಸಪೂರ ಫೋನಿನ ಪರವಾಗಿ ಹೇಳೋದಕ್ಕೆ ನಿಜವಾಗಿಯೂ ಕೆಲವು ಮಾತಿವೆ.

ಒಂದು, ತೂಕ. ಈಗಿನ ಫೋನುಗಳು ಇನ್ನೂರು ಗ್ರಾಂ ಆಸುಪಾಸು ಇರುತ್ತವೆ. ಮಲಗಿಕೊಂಡು ಓದೋವಾಗ ಮೂಗಿನ ಮೇಲೆ ಬಿದ್ದರೆ ಗೊತ್ತಾಗುತ್ತೆ! 156 ಗ್ರಾಂ ಅನ್ನೋದು ಕೈಗೆ ನಿಜವಾದ ಸುಖ. ವಯಸ್ಸಾದವರಿಗೆ, ಬೆರಳಿನ ಗೆಣ್ಣು ನೋಯೋರಿಗೆ, ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಲಸ ಮಾಡೋ ಹೆಂಗಸರಿಗೆ ಹಗುರ ಫೋನು ಬೇಕು. ಇದನ್ನ ಗಂಡಸರು ಬರೆಯೋ ವಿಮರ್ಶೆಗಳಲ್ಲಿ ಯಾರೂ ಬರೆಯೋದಿಲ್ಲ, ಯಾಕಂದ್ರೆ ನಮ್ಮ ಪ್ಯಾಂಟಿಗೆ ಜೇಬು ಇದೆ.

ಎರಡು, ಬ್ಯಾಟರಿ. ಹೌದು, ಬ್ಯಾಟರಿಯೇ. 2014ರ ತೆಳ್ಳನೆ ಫೋನಿನಲ್ಲಿ 2000 ಇದ್ದದ್ದು ಈಗ ಆರು ಮಿಲಿಮೀಟರಿನೊಳಗೆ 5160 ಎಂಎಎಚ್ ಆಗಿದೆ. ಇದು ಸಣ್ಣ ಸಾಧನೆ ಅಲ್ಲ. ಈಚೆಗೆ ಫೋನುಗಳ ಬ್ಯಾಟರಿ ಹೀಗೆ ಬೆಳೆಯೋದಕ್ಕೆ ಮುಖ್ಯ ಕಾರಣ ಸಿಲಿಕಾನ್-ಕಾರ್ಬನ್ ತಂತ್ರ. ಹಳೇ ಲಿಥಿಯಂ ಬ್ಯಾಟರಿಯ ಒಂದು ಧ್ರುವ ಪೂರ್ತಿ ಗ್ರಾಫೈಟು, ಅಂದರೆ ಪೆನ್ಸಿಲ್ ಕಡ್ಡಿಯೊಳಗೆ ಇರುತ್ತಲ್ಲ ಅದು. ಅಷ್ಟೇ ತೂಕದ ಸಿಲಿಕಾನು ಸುಮಾರು ಹತ್ತು ಪಟ್ಟು ಲಿಥಿಯಂ ಹಿಡಿದಿಟ್ಟುಕೊಳ್ಳಬಲ್ಲದು. ತೊಂದರೆ ಏನಂದ್ರೆ, ಹಿಡಿದಾಗ ಅದು ನೆನೆಹಾಕಿದ ಕಡಲೆ ಥರ ಊದಿಕೊಳ್ಳುತ್ತೆ, ಮೂರು ಪಟ್ಟಿನವರೆಗೂ. ಅದಕ್ಕೆ ಕಾರ್ಬನ್ನಿನ ಗೂಡಿನೊಳಗೆ ಕೂರಿಸಿ ಊತವನ್ನ ತಡೆಯುತ್ತಾರೆ. ಬುದ್ಧಿವಂತ ಕೆಲಸ, ಒಪ್ಪಿಕೊಳ್ಳಲೇಬೇಕು.

ಮೂರು, ಪರದೆ. ಒಳ್ಳೆ ಅಮೊಲೆಡ್ ಪರದೆ, 144 ಹರ್ಟ್ಸ್. ಕನ್ನಡ ಅಕ್ಷರ ಓದೋಕೆ ಮುದ್ದಾಗಿರುತ್ತೆ. ಒತ್ತಕ್ಷರದ ಕೊಂಬು-ಬಾಲ ಎಲ್ಲ ಸ್ಪಷ್ಟ. 2012ರಲ್ಲಿ ಆಂಡ್ರಾಯ್ಡ್ 4.1 ಬರೋ ತನಕ ಫೋನಿನಲ್ಲಿ ಕನ್ನಡ ಅಂದರೆ ಚೌಕಾಕಾರದ ಡಬ್ಬಿಗಳ ಸಾಲು ನೋಡಿದ್ದ ನಮಗೆ ಇದು ಈಗಲೂ ಸಂತೋಷವೇ.

ಆಯ್ತಲ್ಲ? ಹೊಗಳಿಕೆ ಮುಗೀತು. ಇನ್ನು ಲೆಕ್ಕ.

ಒಂದು ಅಕ್ಕಿ ಕಾಳಿನ ಬೆಲೆ

"ನೋಡಿ, ತೆಳ್ಳಗಿದ್ದೂ 5160 ಇದೆಯಲ್ಲ, ಇನ್ನೇನು ಬೇಕು?" ಇದು ಸ್ಲಿಮ್ ಭಕ್ತರ ಬ್ರಹ್ಮಾಸ್ತ್ರ. ಕೇಳೋಕೆ ಸರಿ ಅನ್ನಿಸುತ್ತೆ. ಆದರೆ ಕೇಳಬೇಕಾದ ಪ್ರಶ್ನೆ ಬೇರೆ. ಬ್ಯಾಟರಿ ತಂತ್ರ ಸುಧಾರಿಸಿದ್ದರ ಲಾಭವನ್ನ ಯಾರಿಗೆ ಕೊಟ್ಟರು? ನಮ್ಮ ದಿನಕ್ಕೋ, ಅವರ ಜಾಹೀರಾತಿಗೋ?

ಆ ಸ್ಲಿಮ್ ಬರೋದಕ್ಕೆ ಎರಡು ವಾರ ಮುಂಚೆ, 2025ರ ಆಗಸ್ಟಿನಲ್ಲಿ, ರಿಯಲ್‌ಮಿ ಪಿ4 ಬಂದಿತ್ತು. 7.58 ಮಿಲಿಮೀಟರ್, 185 ಗ್ರಾಂ, 7000 ಎಂಎಎಚ್, 80 ವ್ಯಾಟ್ ಚಾರ್ಜಿಂಗ್. ಶುರುವಿನ ಬೆಲೆ 18,499. (ಅದು 6 ಜಿಬಿ ರ್ಯಾಮ್ ಮಾದರಿ, ಸ್ಲಿಮ್‌ನಲ್ಲಿ 8 ಜಿಬಿ ಇದೆ. ಇದನ್ನೂ ಹೇಳಬೇಕು.) ಸ್ಲಿಮ್‌ನ ಚಾರ್ಜಿಂಗ್ 45 ವ್ಯಾಟ್. ಅದೇ ವರ್ಷದ ಏಪ್ರಿಲಿನಲ್ಲಿ ಬಂದ ಐಕೂ ಝಡ್10 ಇನ್ನೂ ಮುಂದೆ ಹೋಗಿತ್ತು. 7.89 ಮಿಲಿಮೀಟರಿಗೆ 7300 ಎಂಎಎಚ್, 21,999 ರೂಪಾಯಿಂದ.

ಮೊದಲ ಎರಡನ್ನೇ ಪಕ್ಕಪಕ್ಕ ಇಡಿ. ದಪ್ಪದ ವ್ಯತ್ಯಾಸ 1.63 ಮಿಲಿಮೀಟರು. ಒಂದು ಅಕ್ಕಿ ಕಾಳನ್ನ ಅಡ್ಡ ಮಲಗಿಸಿದರೆ ಎಷ್ಟು ಎತ್ತರವೋ ಹೆಚ್ಚುಕಡಿಮೆ ಅಷ್ಟೇ. ತೂಕದ ವ್ಯತ್ಯಾಸ 29 ಗ್ರಾಂ. ಬ್ಯಾಟರಿ ವ್ಯತ್ಯಾಸ 1840 ಎಂಎಎಚ್, ಅಂದರೆ ಸ್ಲಿಮ್‌ನಲ್ಲಿ ಇರೋದಕ್ಕಿಂತ ನೂರಕ್ಕೆ ಮೂವತ್ತೈದಕ್ಕೂ ಹೆಚ್ಚು. ಒಂದು ಅಕ್ಕಿ ಕಾಳಿನ ದಪ್ಪಕ್ಕೆ ದಿನದ ಮೂರನೇ ಒಂದು ಭಾಗ! ಇದನ್ನ ಬಿಟ್ಟುಕೊಡೋದು ವ್ಯಾಪಾರವೋ, ದಾನವೋ?

ಅದೂ ಹೊಸದಿದ್ದಾಗಿನ ಲೆಕ್ಕ. ಬ್ಯಾಟರಿ ಅನ್ನೋದು ಸವೆಯೋ ವಸ್ತು, ಎತ್ತಿನ ಲಾಳದ ಹಾಗೆ. ಎರಡು-ಮೂರು ವರ್ಷಕ್ಕೆ ಐದನೇ ಒಂದು ಭಾಗ ಹೋಯ್ತು ಅಂತ ಇಟ್ಟುಕೊಳ್ಳಿ. 7000 ಇದ್ದದ್ದು 5600ಕ್ಕೆ ಇಳಿಯುತ್ತೆ. ಅಂದರೆ ಹಳೇದಾದ ದಪ್ಪ ಫೋನಿನಲ್ಲೂ ಹೊಸ ಸ್ಲಿಮ್‌ಗಿಂತ ಹೆಚ್ಚು ಬ್ಯಾಟರಿ! ಸ್ಲಿಮ್ ಅಷ್ಟೊತ್ತಿಗೆ ನಾಲ್ಕು ಸಾವಿರ ಚಿಲ್ಲರೆಗೆ ಬಂದಿರುತ್ತೆ. ಕಂತು ಮುಗಿಯೋ ಹೊತ್ತಿಗೆ ಪವರ್‌ಬ್ಯಾಂಕ್ ಕೊಳ್ಳಬೇಕು. ಇನ್ನೂರು ಗ್ರಾಂ ಮೇಲೆ ತೂಗೋ ಪವರ್‌ಬ್ಯಾಂಕು ಹೊತ್ತುಕೊಂಡು 29 ಗ್ರಾಂ ಉಳಿಸಿದ್ದೀವಿ ಅಂತ ಹೆಮ್ಮೆ ಪಡಬೇಕು. ಹ್ಞಾಂ!

ಪೌಚ್ ಅನ್ನೋ ದೊಡ್ಡ ಜೋಕು

ಫೋನು ಕೊಂಡ ಐದನೇ ನಿಮಿಷಕ್ಕೆ ಏನಾಗುತ್ತೆ? "ಅಣ್ಣಾ, ಟೆಂಪರ್ ಗ್ಲಾಸು, ಪೌಚು ಹಾಕಿಬಿಡ್ಲೇನು?" ಹಾಕಪ್ಪಾ ಅಂತೀವಿ. ಹಾಕದೇ ಇರೋಕಾಗುತ್ತಾ? ಇಪ್ಪತ್ತು ಸಾವಿರ ಸುಮ್ಮನೆ ಬಂದಿದೆಯಾ? ಹಿಂದೆ ಒಂದೂವರೆ ಎರಡು ಮಿಲಿಮೀಟರಿನ ರಬ್ಬರು, ಮುಂದೆ ಒಂದು ಗಾಜು. ಅಲ್ಲಿಗೆ ಆರು ಮಿಲಿಮೀಟರಿನ ಕಥೆ ಮುಗೀತು. ಎಂಜಿನಿಯರುಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಕೊರೆದು ತೆಗೆದ ದಪ್ಪವನ್ನ ನಾವು ನೂರೈವತ್ತು ರೂಪಾಯಿ ಕೊಟ್ಟು ವಾಪಸ್ ಅಂಟಿಸಿಕೊಂಡು ಬರ್ತೀವಿ. ಆ ದಪ್ಪ ಮೊದಲೇ ಫೋನಿನ ಒಳಗೆ ಬ್ಯಾಟರಿಯಾಗಿ ಇದ್ದಿದ್ದರೆ? ಈಗ ಅದು ಬರೀ ರಬ್ಬರು.

ಇನ್ನು ಅಂಚು ಬಾಗಿದ ಪರದೆ. ಸ್ಲಿಮ್ ಫೋನುಗಳಿಗೆ ಇದು ಅಲಂಕಾರ, ಇನ್ನಷ್ಟು ತೆಳ್ಳಗೆ ಕಾಣಲಿ ಅಂತ. ಸಪಾಟು ಪರದೆಗೆ ನೂರು ರೂಪಾಯಿಗೆ ಸಿಗೋ ಗಾಜು ಇದಕ್ಕೆ ಕೂರೋದಿಲ್ಲ. ಅಂಟು ಹಾಕಿ, ನೀಲಿ ದೀಪ ಹಿಡಿದು ಒಣಗಿಸಿ ಕೂರಿಸೋ ಬಾಗಿದ ಗಾಜು ಬೇಕು, ಅದು ದುಬಾರಿ. ಕೂರಿಸೋ ಕೈ ಸರಿಯಿಲ್ಲದಿದ್ದರೆ ಸ್ಪೀಕರಿನ ತೂತಿಗೆ ಅಂಟು ಇಳಿಯುತ್ತೆ. ಬಿದ್ದಾಗ ಮೊದಲು ನೆಲಕ್ಕೆ ತಾಗೋದೂ ಆ ಬಾಗಿದ ಅಂಚೇ.

ಇನ್ನೊಂದು ಮೋಸ ಗಮನಿಸಿದ್ದೀರಾ? 5.95 ಅನ್ನೋದು ಕ್ಯಾಮೆರಾ ಬಿಟ್ಟು ಅಳೆದ ದಪ್ಪ. ಕ್ಯಾಮೆರಾ ಹಿಂದೆ ದಿಬ್ಬದ ಹಾಗೆ ಎದ್ದು ನಿಂತಿರುತ್ತೆ. ಇದು ಈ ಒಂದು ಫೋನಿನ ತಪ್ಪಲ್ಲ, ಲಕ್ಷದ ಫೋನಿನದೂ ಇದೇ ಕಥೆ. ಮಸೂರಕ್ಕೂ ಸೆನ್ಸರಿಗೂ ನಡುವೆ ಇಷ್ಟು ದೂರ ಬೇಕೇ ಬೇಕು ಅನ್ನೋದು ಬೆಳಕಿನ ನಿಯಮ, ಮಾರ್ಕೆಟಿಂಗ್ ವಿಭಾಗದ ಮಾತು ಅದು ಕೇಳೋದಿಲ್ಲ. ಹೊಟ್ಟೆ ಬಿಟ್ಟು ಸೊಂಟ ಅಳೆಯೋ ದರ್ಜಿಗೆ ನೀವು ಏನಂತೀರಿ? ಆಮೇಲೆ ಆ ಸ್ಲಿಮ್‌ನ ಹಿಂದೆ ಎರಡು ಕಣ್ಣು, 50 ಮೆಗಾಪಿಕ್ಸೆಲ್ ಒಂದು, 2 ಮೆಗಾಪಿಕ್ಸೆಲ್ ಇನ್ನೊಂದು. ಆ ಎರಡನೆಯದು ದೃಷ್ಟಿಬೊಟ್ಟು, ಅಷ್ಟೇ. ಈ ಬೆಲೆಯ ದಪ್ಪ ಫೋನುಗಳಲ್ಲೂ ಇಂಥ ದೃಷ್ಟಿಬೊಟ್ಟು ಇರುತ್ತೆ, ಹಾಗಾಗಿ ಅದನ್ನ ಸ್ಲಿಮ್‌ನ ಲೆಕ್ಕಕ್ಕೆ ಮಾತ್ರ ಬರೆಯೋದು ಬೇಡ.

ನಮ್ಮ ಬಿಸಿಲು, ನಮ್ಮ ಟವರು

ಈಗ ಬಂತು ನಿಜವಾದ ವಿಷಯ. ಫೋನಿನ ವಿಮರ್ಶೆ ನಡೆಯೋದು ಎಸಿ ರೂಮಿನಲ್ಲಿ, ಫೋನು ಬಾಳೋದು ಕೂಡ್ಲಿಗಿ-ಕೊಟ್ಟೂರು-ಹಗರಿಬೊಮ್ಮನಹಳ್ಳಿಯ ಬಯಲಲ್ಲಿ. ಏಪ್ರಿಲ್-ಮೇನಲ್ಲಿ ನಮ್ಮ ಕಡೆ 40 ಡಿಗ್ರಿ ಅನ್ನೋದು ಸುದ್ದಿಯಲ್ಲ. ಫೋನಿಗೆ ಗಾಳಿ ಬೀಸೋ ಫ್ಯಾನ್ ಇರೋದಿಲ್ಲ. ಒಳಗಿನ ಕಾವು ಮೈಗೆಲ್ಲ ಹರಡಿ, ಮೈಯಿಂದ ಹೊರಗೆ ಹೋಗಬೇಕು. ಮೈ ತೆಳ್ಳಗಾದಷ್ಟೂ ಕಾವು ಹೀರಿಕೊಳ್ಳೋ ಸರಕು ಕಡಿಮೆ, ಚಿಪ್ಪಿಗೂ ಬ್ಯಾಟರಿಗೂ ನಡುವಿನ ಜಾಗವೂ ಕಡಿಮೆ. ದಪ್ಪ ತವಾ ನಿಧಾನ ಕಾಯುತ್ತೆ, ತೆಳ್ಳನೆ ತವಾ ಬೇಗ ಕಾಯುತ್ತೆ. ಇದಕ್ಕೆ ಪಿಎಚ್‌ಡಿ ಬೇಡ, ಅಡುಗೆಮನೆ ಸಾಕು.

ಕಾದ ಫೋನು ಏನು ಮಾಡುತ್ತೆ? ಮೊದಲು ಚಿಪ್ಪು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತೆ. ಆಮೇಲೆ ಪರದೆಯ ಬೆಳಕು ಇಳಿಯುತ್ತೆ, ಸರಿಯಾಗಿ ಬಿಸಿಲಲ್ಲಿ ಅದು ಬೇಕಾದಾಗಲೇ. ಇನ್ನೂ ಕಾದರೆ ಚಾರ್ಜ್ ತಗೊಳ್ಳೋದನ್ನೇ ನಿಲ್ಲಿಸುತ್ತೆ. ಆಪಲ್ ಕಂಪನಿಯೇ ತನ್ನ ಫೋನನ್ನ 35 ಡಿಗ್ರಿ ಮೀರದ ವಾತಾವರಣದಲ್ಲಿ ಬಳಸಿ ಅನ್ನುತ್ತೆ. ಹರಪನಹಳ್ಳಿಯ ಮೇ ತಿಂಗಳಿಗೆ ಆ ಮಾತು ಹೇಳಿ ನೋಡೋಣ. ಲಿಥಿಯಂ ಬ್ಯಾಟರಿಗಳಿಗೆ ಕಾವೇ ಮೊದಲ ಶತ್ರು, ಬೆಚ್ಚಗೆ ಇದ್ದಷ್ಟೂ ಬೇಗ ಮುಪ್ಪು.

ಟವರ್ ಕಥೆ ಇನ್ನೊಂದು. ಸಿಗ್ನಲ್ ಕಡಿಮೆ ಇದ್ದ ಕಡೆ ಫೋನು ಗಟ್ಟಿಯಾಗಿ ಕೂಗಬೇಕು, ಅಂದರೆ ಹೆಚ್ಚು ಶಕ್ತಿ ಸುರಿದು ಟವರಿನ ಜೊತೆ ಮಾತಾಡಬೇಕು. ಕೊಟ್ಟೂರಿನ ತೇರಿನ ದಿನವೋ ಮೈಲಾರದ ಕಾರ್ಣಿಕದ ದಿನವೋ ಫೋನ್ ಒಯ್ದಿದ್ದರೆ ನಿಮಗೆ ಗೊತ್ತು. ಲಕ್ಷಾಂತರ ಜನ, ಟವರಿನ ಉಸಿರು ಕಟ್ಟಿರುತ್ತೆ, ಬೆಳಿಗ್ಗೆ ನೂರು ಇದ್ದ ಚಾರ್ಜು ಮಧ್ಯಾಹ್ನಕ್ಕೆ ತಳ ಕಾಣುತ್ತೆ. ಉಚ್ಚಂಗಿದುರ್ಗದ ಗುಡ್ಡದ ಆಚೀಚೆ ಹಳ್ಳಿಗಳಲ್ಲಿ ಇಂಥ ದಿನಕ್ಕೆ ಜಾತ್ರೆಯೇ ಬೇಕಾಗಿಲ್ಲ. "ಒಂದು ದಿನ ಆರಾಮಾಗಿ ಬರುತ್ತೆ" ಅನ್ನೋ ವಿಮರ್ಶೆಯ ದಿನ ಬೇರೆ, ನಮ್ಮ ದಿನ ಬೇರೆ.

ಯಾರ ಕೆಲಸ ನಿಲ್ಲುತ್ತೆ?

"ಬ್ಯಾಟರಿ ಹೋದ್ರೆ ಏನಾಯ್ತು, ರೀಲ್ಸ್ ನೋಡೋದು ತಪ್ಪುತ್ತೆ ಅಷ್ಟೇ ತಾನೆ?" ಅನ್ನೋರಿದ್ದಾರೆ. ಇಲ್ಲ ಸ್ವಾಮಿ. ಕಳೆದ ಐದಾರು ವರ್ಷದಲ್ಲಿ ಸರ್ಕಾರವೇ ಬಡವರ ಕೆಲಸವನ್ನೆಲ್ಲ ತಂದು ಫೋನಿನೊಳಗೆ ಕೂರಿಸಿದೆ.

2020ರ ಮುಂಗಾರಿನಲ್ಲಿ ಕರ್ನಾಟಕದಲ್ಲಿ ರೈತರೇ ತಮ್ಮ ಬೆಳೆ ಸಮೀಕ್ಷೆ ಮಾಡಿ ಆ್ಯಪಿಗೆ ಹಾಕೋ ವ್ಯವಸ್ಥೆ ಬಂತು. ಹೊಲದಲ್ಲಿ ನಿಂತು, ಜಿಪಿಎಸ್ ಹಿಡಿದು, ಬೆಳೆಯ ಫೋಟೊ ತೆಗೆಯಬೇಕು. ಜಿಪಿಎಸ್ಸು, ಕ್ಯಾಮೆರಾ, ಪೂರ್ತಿ ಬೆಳಕಿನ ಪರದೆ, ಸಿಗ್ನಲ್ ಹುಡುಕಾಟ, ಬ್ಯಾಟರಿ ತಿನ್ನೋ ನಾಲ್ಕೂ ಒಟ್ಟಿಗೆ, ಅದೂ ಬಿಸಿಲಲ್ಲಿ. ನರೇಗಾ ಕೆಲಸದಲ್ಲಿ 2023ರ ಜನವರಿ 1ರಿಂದ ಹಾಜರಿಯನ್ನ ಫೋನಿನಲ್ಲೇ ಹಾಕೋದು ಕಡ್ಡಾಯವಾಯ್ತು. ದಿನಕ್ಕೆ ಎರಡು ಸಲ, ಸ್ಥಳದ ಗುರುತಿನ ಜೊತೆ ಕೂಲಿಕಾರರ ಫೋಟೊ. ಆ ಫೋನು ಇದ್ದದ್ದು ಕಾಯಕ ಬಂಧುವಿನ ಕೈಯಲ್ಲಿ. ಎರಡನೇ ಫೋಟೊ ಹೊತ್ತಿಗೆ ಫೋನು ಸತ್ತಿದ್ದರೆ ತೊಂದರೆ ಆಗೋದು ರೀಲ್ಸಿಗಲ್ಲ, ಕೂಲಿಗೆ. ಅಂಗನವಾಡಿ ಕಾರ್ಯಕರ್ತೆಯರಿಗೆ ಪೋಷಣ್ ಟ್ರ್ಯಾಕರ್ ಬಂತು. ಮಕ್ಕಳ ತೂಕ, ಎತ್ತರ, ಹಾಜರಿ, ಈಗ ಮನೆಗೆ ಕೊಡೋ ಆಹಾರಕ್ಕೆ ಮುಖ ತೋರಿಸಿ ಗುರುತು ಹಿಡಿಸೋದು, ಎಲ್ಲ ಅದರಲ್ಲೇ. ಮುಖ ತೋರಿಸೋಕೆ ಬಂದ ಬಾಣಂತಿ ಫೋನು ತಣ್ಣಗಾಗಲಿ ಅಂತ ಕಾಯಬೇಕಾ?

ಇವರಲ್ಲಿ ಒಬ್ಬರಿಗಾದರೂ ಫೋನು 5.95 ಇರಬೇಕಾಗಿದೆಯಾ? ಅವರಿಗೆ ಬೇಕಾಗಿರೋದು ಸಂಜೆವರೆಗೂ ಬರೋ ಬ್ಯಾಟರಿ, ಬಿಸಿಲಲ್ಲಿ ಕಾಣೋ ಪರದೆ, ಕೆಟ್ಟರೆ ರಿಪೇರಿ. ಅಷ್ಟೇ.

ಕೆಟ್ಟರೆ ದಾವಣಗೆರೆ

ರಿಪೇರಿ ಮಾತು ಬಂತಲ್ಲ, ಅದನ್ನೂ ಮುಗಿಸಿಬಿಡೋಣ. ನಮ್ಮ ಹರಪನಹಳ್ಳಿಯನ್ನ 1997ರಲ್ಲಿ ಬಳ್ಳಾರಿಯಿಂದ ತೆಗೆದು ದಾವಣಗೆರೆ ಜಿಲ್ಲೆಗೆ ಸೇರಿಸಿದರು, 2018ರಲ್ಲಿ ಮತ್ತೆ ಬಳ್ಳಾರಿಗೆ ಕೊಟ್ಟರು, 2021ರಲ್ಲಿ ವಿಜಯನಗರ ಜಿಲ್ಲೆ ಮಾಡಿದರು. ಜಿಲ್ಲೆ ಮೂರು ಸಲ ಬದಲಾದರೂ ಒಂದು ಬದಲಾಗಲಿಲ್ಲ. ಫೋನು ಕೆಟ್ಟರೆ ಬಹುಮಟ್ಟಿಗೆ ಬಸ್ಸು ಹತ್ತೋದು ದಾವಣಗೆರೆಗೇ. ಐವತ್ತು ಕಿಲೋಮೀಟರ್ ಹತ್ತಿರ ಹತ್ತಿರ. ಜಿಲ್ಲಾಕೇಂದ್ರ ಹೊಸಪೇಟೆ ಇನ್ನೂ ದೂರ. ಒಂದು ದಿನದ ಕೂಲಿ ಹೋಯ್ತು, "ಪಾರ್ಟು ಬಂದ ಮೇಲೆ ಫೋನ್ ಮಾಡ್ತೀವಿ" ಅಂತಾರೆ (ಯಾವ ಫೋನಿಗೆ?), ಮತ್ತೆ ಇನ್ನೊಂದು ದಿನದ ಕೂಲಿ.

ಊರಲ್ಲೇ ಇರೋ ರಿಪೇರಿ ಹುಡುಗರು ಜಾಣರು. ಸಪಾಟು ಪರದೆಯ ಮಾಮೂಲಿ ಫೋನನ್ನ ಚಹಾ ತಣ್ಣಗಾಗೋದರೊಳಗೆ ಬಿಚ್ಚಿ ಜೋಡಿಸ್ತಾರೆ. ಅವರೇ ಬಾಗಿದ ಪರದೆಯ ತೆಳ್ಳನೆ ಫೋನು ನೋಡಿದರೆ ಕೈ ಹಿಂದೆ ಸರಿಸ್ತಾರೆ. "ಬ್ಯಾಡ್ರಿ ಅಣ್ಣಾ, ಬಿಚ್ಚಿದ್ರ ಒಡೀತೈತಿ, ಆಮ್ಯಾಲೆ ನನ್ ಮ್ಯಾಲೆ ಬರ್ತೀರಿ." ಅವನ ತಪ್ಪಲ್ಲ. ಎಲ್ಲವನ್ನೂ ಅಂಟಿನಿಂದಲೇ ಹಿಡಿದಿಟ್ಟ, ಜಾಗವೇ ಬಿಡದ ವಸ್ತುವನ್ನ ಬಿಚ್ಚೋದು ಕಷ್ಟ. ಬಾಗಿದ ಅಮೊಲೆಡ್ ಪರದೆ ಹೊಸದು ಹಾಕಿಸಬೇಕು ಅಂದರೆ ಫೋನಿನ ಬೆಲೆಯ ದೊಡ್ಡ ಪಾಲೇ ಬೇಕು.

ಯುರೋಪಿನಲ್ಲಿ 2025ರ ಜೂನ್ 20ರಿಂದ ನಿಯಮ ಬಂದಿದೆ. ಹೊಸ ಫೋನುಗಳ ಬ್ಯಾಟರಿ 800 ಸಲ ಚಾರ್ಜ್ ಆದ ಮೇಲೂ ನೂರಕ್ಕೆ 80 ಉಳಿಸಿಕೊಂಡಿರಬೇಕು, ಮಾರಾಟ ನಿಂತ ಮೇಲೂ ಏಳು ವರ್ಷ ಬಿಡಿಭಾಗ ಸಿಗಬೇಕು, ಡಬ್ಬಿಯ ಜೊತೆ ರಿಪೇರಿ ಎಷ್ಟು ಸುಲಭ ಅನ್ನೋ ದರ್ಜೆಯ ಚೀಟಿ ಇರಬೇಕು. ನಮ್ಮಲ್ಲಿ? 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 'ರಿಪೇರಿ ಹಕ್ಕಿನ' ಪೋರ್ಟಲ್ ತೆರೆಯಿತು. ರಿಪೇರಿ ಸೂಚ್ಯಂಕ ಹೇಗಿರಬೇಕು ಅಂತ ಹೇಳೋಕೆ 2024ರಲ್ಲಿ ಸಮಿತಿ ಮಾಡಿತು, 2025ರಲ್ಲಿ ಅದು ವರದಿಯನ್ನೂ ಕೊಟ್ಟಿತು. ಫ್ರಿಜ್ಜಿನ ಮೇಲೆ ನಕ್ಷತ್ರ ಇರುತ್ತಲ್ಲ, ಹಾಗೆ ಫೋನಿನ ಡಬ್ಬಿ ಮೇಲೆ ರಿಪೇರಿಯ ಅಂಕಿ ಕಡ್ಡಾಯವಾಗಿ ಅಚ್ಚಾಗಲಿ. ಆಗ ನೋಡೋಣ, ಸಪೂರ ಸುಂದರಿಯರಿಗೆ ಎಷ್ಟು ನಕ್ಷತ್ರ ಬೀಳುತ್ತೆ ಅಂತ.

"ಬೇಡವಾದರೆ ಕೊಳ್ಳಬೇಡ" ಅನ್ನೋರಿಗೆ

ಇದು ನಾನು ನಿರೀಕ್ಷೆ ಮಾಡ್ತಿರೋ ಉತ್ತರ. ಮಾರುಕಟ್ಟೆಯಲ್ಲಿ ಎರಡೂ ಇದೆ, ಆರಿಸಿಕೋ, ಗೊಣಗಾಟ ಯಾಕೆ?

ಸರಿ. ಆದರೆ ಆರಿಸಿಕೊಳ್ಳೋದಕ್ಕೆ ಮಾಹಿತಿ ಬೇಕು. ತೆಳ್ಳಗಿರೋದು ಕೈಗೆ ಹಿಡಿದ ಕ್ಷಣವೇ ಗೊತ್ತಾಗುತ್ತೆ. ಬ್ಯಾಟರಿ ಮುಪ್ಪು ಎರಡು ವರ್ಷಕ್ಕೆ ಗೊತ್ತಾಗುತ್ತೆ, ಪರದೆಯ ಬೆಲೆ ಒಡೆದ ಮೇಲೆ ಗೊತ್ತಾಗುತ್ತೆ, ಕಾವು ಮೇ ತಿಂಗಳಲ್ಲಿ ಗೊತ್ತಾಗುತ್ತೆ. ಅಂಗಡಿಯಲ್ಲಿ ತಕ್ಷಣ ಕಾಣೋ ಗುಣ ಒಂದೇ, ಅದನ್ನೇ ದೊಡ್ಡಕ್ಷರದಲ್ಲಿ ಬರೀತಾರೆ. ಉಳಿದ ಮೂರೂ ಕಾಣೋದಿಲ್ಲ, ಅವುಗಳ ಬಗ್ಗೆ ಯಾರೂ ಬರೆಯೋದಿಲ್ಲ. ಇಂಥ ಕಡೆ "ಆರಿಸಿಕೋ" ಅನ್ನೋದು, ಕಣ್ಣು ಕಟ್ಟಿ "ದಾರಿ ನೋಡಿಕೊಂಡು ಹೋಗು" ಅಂದ ಹಾಗೆ.

ಈ ಬರೆಯದೇ ಇರೋರು ಯಾರು? ನಾವೇ, ಬ್ಲಾಗಿಗ ಮಿತ್ರರೇ. ಬೇಜಾರಾಗಬೇಡಿ, ಆದರೆ ಕನ್ನಡದಲ್ಲಿ ಫೋನ್ ಬಗ್ಗೆ ಬರೋ ಬರಹಗಳನ್ನ ಒಮ್ಮೆ ಸಾಲಾಗಿ ಓದಿ ನೋಡಿ. ಬಹುಪಾಲು ಕಂಪನಿಯ ಪ್ರಕಟಣೆಯನ್ನ ಕನ್ನಡಕ್ಕೆ ಇಳಿಸಿದ್ದು. "ಅತ್ಯಾಕರ್ಷಕ ವಿನ್ಯಾಸ", "ಭರ್ಜರಿ ಬ್ಯಾಟರಿ", "ಮಾರುಕಟ್ಟೆಗೆ ಲಗ್ಗೆ". ಲಗ್ಗೆ ಹಾಕೋಕೆ ಅದೇನು ಹೈದರಾಲಿಯ ದಂಡಾ? ಬಿಸಿಲಲ್ಲಿ ಪರದೆ ಕಂಡಿತಾ? ಒಂದು ಮಾತಿಲ್ಲ. ಕನ್ನಡದಲ್ಲಿ ಟೈಪ್ ಮಾಡಿದಾಗ ಅರ್ಕಾವತ್ತು ಸರಿ ಬಿತ್ತಾ? ಒಂದು ಮಾತಿಲ್ಲ. ಪರದೆ ಬದಲಾಯಿಸೋಕೆ ಎಷ್ಟು? ಇಲ್ಲ. ಬರೆದವರು ಫೋನನ್ನ ಮುಟ್ಟಿದ್ದಾರಾ? ಅದೂ ಗೊತ್ತಿಲ್ಲ. ಇಂಗ್ಲಿಷ್ ಓದೋರಿಗೆ ನೂರು ಕಡೆ ಮಾಹಿತಿ ಸಿಗುತ್ತೆ. ಕನ್ನಡ ಮಾತ್ರ ಓದೋರಿಗೆ ನಾವು ಬಿಟ್ಟರೆ ಅಂಗಡಿ ಹುಡುಗನೇ ಗತಿ. ಅವರಿಗೆ ನಾವೂ ಜಾಹೀರಾತನ್ನೇ ಬಡಿಸಿದರೆ, ಕನ್ನಡದಲ್ಲಿ ಬರೆದು ಉದ್ಧಾರ ಮಾಡಿದ್ದಾದರೂ ಏನು?

ಅದಕ್ಕೆ ನನ್ನದೊಂದು ಬೇಡಿಕೆ. ಮುಂದಿನ ಸಲ ನಿಮ್ಮ ಕೈಗೆ ಯಾವುದೇ ಫೋನು ಸಿಕ್ಕರೆ, ನಿಮ್ಮದೋ ಭಾವನದೋ ಗೆಳೆಯನದೋ, ಈ ಐದು ವಿಷಯ ಬರೆಯಿರಿ. ಕ್ಯಾಮೆರಾ ದಿಬ್ಬ ಸೇರಿಸಿ ದಪ್ಪ ಎಷ್ಟು? ನಿಮ್ಮ ಊರಿನ ಮಧ್ಯಾಹ್ನ ಒಂದು ಗಂಟೆಯ ಬಿಸಿಲಲ್ಲಿ ಹತ್ತು ನಿಮಿಷ ಮ್ಯಾಪು ತೆರೆದಿಟ್ಟರೆ ಪರದೆ ಮಬ್ಬಾಗುತ್ತಾ? ಸಿಗ್ನಲ್ ಎರಡೇ ಕಡ್ಡಿ ಇರೋ ಕಡೆ ಒಂದು ದಿನ ಬರುತ್ತಾ? ಪರದೆ ಮತ್ತೆ ಬ್ಯಾಟರಿ ಬದಲಾಯಿಸೋಕೆ ಸರ್ವಿಸ್ ಸೆಂಟರಿನವರು ಹೇಳೋ ಬೆಲೆ ಎಷ್ಟು, ಆ ಸೆಂಟರು ನಿಮ್ಮೂರಿಂದ ಎಷ್ಟು ದೂರ? ಮತ್ತೆ ಕನ್ನಡ ಟೈಪಿಂಗ್ ಹೇಗಿದೆ? ಹಡಗಲಿಯವರು ಹಡಗಲಿಯಿಂದ, ಸಿರಸಿಯವರು ಮಳೆಗಾಲದಿಂದ, ದುಬೈಯವರು ಅಲ್ಲಿನ ಸೆಕೆಯಿಂದ ಬರೆಯಲಿ. ಒಂದು ಇಪ್ಪತ್ತು ಬರಹ ಸೇರಿದರೆ ಸಾಕು, ಅದು ಯಾವ ಟೆಕ್ ಪತ್ರಿಕೆಯಲ್ಲೂ ಸಿಗದ ಸರಕು.

ಕೊನೆಗೆ ತೀರ್ಪು. ಮನೆಯಲ್ಲೇ ಇರೋ, ಓದೋದೇ ಹೆಚ್ಚು ಮಾಡೋ, ಕೈ ನೋವಿರೋ ನಿಮ್ಮ ಅಜ್ಜಿಗೋ ಚಿಕ್ಕಮ್ಮನಿಗೋ ಹಗುರ ಫೋನು ಬೇಕಾ? ಸ್ಲಿಮ್ ತಗೊಳ್ಳಿ, ಖುಷಿಯಾಗಿ ತಗೊಳ್ಳಿ, ನನ್ನ ತಕರಾರಿಲ್ಲ. ಹೊಲ, ಬೈಕು, ಸೈಟು, ಅಂಗನವಾಡಿ, ಬಸ್ಸು ಅಂತ ಅಡ್ಡಾಡೋರು ಆ ಅಕ್ಕಿ ಕಾಳಿನ ದಪ್ಪವನ್ನ ಬಿಟ್ಟುಕೊಡಬೇಡಿ. ಅಂಗಡಿ ಹುಡುಗ ಸಪೂರದ್ದು ಕೈಗಿಟ್ಟರೆ ಒಂದೇ ಮಾತು ಕೇಳಿ: "ತಮ್ಮಾ, ಇದರ ಡಿಸ್‌ಪ್ಲೇ ಒಡೆದ್ರೆ ಎಷ್ಟಪ್ಪಾ, ಎಲ್ಲಿ ಹಾಕಿಸ್ಬೇಕು?" ಅವನು ಏನಂದ ಅಂತ ಇಲ್ಲಿ ಬಂದು ಬರೆಯಿರಿ. ಬೈಯೋದಿದ್ದರೂ ಬೈಯಿರಿ, ಲೆಕ್ಕ ಇಟ್ಟುಕೊಂಡು ಬೈಯಿರಿ.